ಹಗ್ಗ ಬಿಚ್ಚಿಕೊಂಡ ಮನೆ

ನಮ್ಮೂರಲ್ಲಿ ಹೊಸದಾಗಿ ಕಟ್ಟಿದ ಮನೆ ತಾನಾಗಿ ನೆಲಕ್ಕೆ ಕೂರುವುದಿಲ್ಲ. ಗಾರೆ ಒಣಗಿ, ಬಣ್ಣ ಬಳಿದು, ಬಾಗಿಲಿಗೆ ಚಿಲಕ ಕೂರಿಸಿದ ಮಾರನೆಯ ದಿನ ಹೋಗಿ ನೋಡಿದರೆ ಪಾಯ ಬಿಟ್ಟು ಆಳೆತ್ತರ ಮೇಲೆ ನಿಂತಿರುತ್ತದೆ. ಗಾಳಿಗೆ ಎಲ್ಲೆಲ್ಲೋ ಹೋಗದಿರಲಿ ಎಂದು ಕಟ್ಟಿಸಿದವರು ನಾಲ್ಕು ಮೂಲೆಗೂ ಹಗ್ಗ ಬಿಗಿದು ಗೂಟ ಹೊಡೆದಿರುತ್ತಾರೆ. ಬಾಳುವ ಜನ ಬಂದು ನೋಡಬೇಕು, ಅವರು ಮನೆಗೂ ಒಪ್ಪಿಗೆಯಾಗಬೇಕು, ಆಗ ಅದು ಇಳಿಯುತ್ತದೆ. ಅಲ್ಲಿಯವರೆಗೆ ಅದರಡಿಯ ನೆರಳಲ್ಲಿ ಎಮ್ಮೆಗಳು ಮೆಲುಕು ಹಾಕುತ್ತವೆ, ಕೆಲಸವಿಲ್ಲದವರು ಚೌಕಾಬಾರ ಆಡುತ್ತಾರೆ. ಏಣಿ ಬಾಡಿಗೆಗೆ ಕೊಡುವವರು ಬೀದಿಗೊಬ್ಬರಿದ್ದಾರೆ. ಹೊಸದಾಗಿ ಮದುವೆಯಾದವರು ಎದುರು ಸಿಕ್ಕರೆ ಊಟ ಆಯ್ತಾ ಎಂದು ಯಾರೂ ಕೇಳುವುದಿಲ್ಲ. “ಮನೆ ಇಳೀತಾ?” ಅಂತಲೇ ಕೇಳುವುದು.

ನಮಗೆ ಇಳಿದಿರಲಿಲ್ಲ.

ನಾನು ಸರ್ವಮಂಗಳ. ಪೇಟೆಯ ಕೊನೆಯ ಹಿಟ್ಟಿನ ಗಿರಣಿ ನನ್ನದು. ಮೊದಲ ಯಜಮಾನರು ತೀರಿಕೊಂಡ ಮೇಲೆ ನಾನೂ ಮಗಳು ಇಂಚರಾಳೂ ಗಿರಣಿಯ ಹಿಂದಿನ ಒಂದು ಕೋಣೆಯಲ್ಲೇ ಇದ್ದೆವು. ಅವಳೀಗ ಎಂಟನೇ ಕ್ಲಾಸು. ಹೋದ ಮಾಘದಲ್ಲಿ ನಾನು ಮರುಳಸಿದ್ದಪ್ಪನವರನ್ನು ಮದುವೆಯಾದೆ. ಅವರು ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿಯೋನೆಟ್ ಊದುವವರು, ಊರಿಗೆಲ್ಲ ಸಿದ್ದಣ್ಣ. ಊರಿನ ಮದುವೆಗಳನ್ನೆಲ್ಲ ತಾನೇ ಮಾಡಿಸಿ, ತನ್ನದಕ್ಕೆ ಮಾತ್ರ ಬಿಡುವು ಸಿಗದೆ ನಲವತ್ತು ದಾಟಿದ ಮನುಷ್ಯ. ಅವರೂ ಅವರ ತಾಯಿ ಹಾಲಮ್ಮನೂ ಬ್ಯಾಂಡಿನವರ ಸಾಲುಮನೆಯಲ್ಲಿದ್ದರು. ಅಲ್ಲಿ ಗೋಡೆ ಎಷ್ಟು ತೆಳ್ಳಗೆಂದರೆ ಪಕ್ಕದ ಮನೆಯಲ್ಲಿ ಡೋಲಿನವನು ಸೀನಿದರೆ ಇಲ್ಲಿ ಹಾಲಮ್ಮ ‘ನೂರು ವರ್ಷ’ ಅನ್ನುತ್ತಿದ್ದಳು. ಎರಡೂ ಕಡೆ ಇನ್ನೊಂದು ಚಾಪೆ ಹಾಸಲು ಜಾಗವಿರಲಿಲ್ಲ. ಹೀಗಾಗಿ ಮದುವೆಯಾದ ಮೇಲೂ ನಾನು ನನ್ನ ಕಡೆ, ಅವರು ಅವರ ಕಡೆ. ಸಂಜೆ ಅವರು ಗಿರಣಿಗೆ ಬಂದು ಜೋಳ ಬೀಸಿಸಲು ಬಂದ ಗಿರಾಕಿಯ ಹಾಗೆ ಬೆಂಚಿನ ಮೇಲೆ ಕೂತು, ಚಹಾ ಕುಡಿದು ಹೋಗುತ್ತಿದ್ದರು.

ಮನೆ ನೋಡದೆ ಇದ್ದೆವೆಂದಲ್ಲ. ಊರಿನಲ್ಲಿ ತೇಲುತ್ತಿದ್ದವನ್ನೆಲ್ಲ ಹತ್ತಿ ನೋಡಿದೆವು. ಒಂದೂ ಅಲುಗಾಡಲಿಲ್ಲ. ಒಂದಂತೂ ಹಾಲಮ್ಮ ಹೊಸ್ತಿಲು ದಾಟಿದ ಕೂಡಲೇ ಇನ್ನೊಂದು ಗೇಣು ಮೇಲಕ್ಕೆ ಹೋಯಿತು. ಇನ್ನೊಂದು ಮನೆ ನಾವು ಏಣಿಯಿಳಿದು ಹೊರಟ ಮೇಲೆ ನಿಟ್ಟುಸಿರುಬಿಟ್ಟಿತೆಂದು ಏಣಿಯವನು ಊರೆಲ್ಲ ಹೇಳಿಕೊಂಡು ಬಂದ. ಗಿರಣಿಯಲ್ಲಿ ಸರದಿಗೆ ಕಾಯುವ ಹೆಂಗಸರು ಮೆಷಿನ್ನಿನ ಸದ್ದಿನಲ್ಲಿ ನನಗೆ ಕೇಳುವುದಿಲ್ಲ ಅಂದುಕೊಂಡು, “ಎರಡು ಮನೆ ಋಣ ಒಂದು ಸೂರಿಗೆ ಹೊಂದಲ್ಲ ಬಿಡ್ರಿ” ಎಂದು ಮಾತಾಡುತ್ತಿದ್ದರು. ಮೆಷಿನ್ನಿನ ಸದ್ದಿನಲ್ಲಿ ಇಪ್ಪತ್ತು ವರ್ಷ ಬದುಕಿದವಳಿಗೆ ಕೇಳದ ಮಾತು ಯಾವುದು? ಮಗಳಿಗೂ ಕೇಳುತ್ತಿತ್ತು. ಅವಳು ಸಿದ್ದಣ್ಣನವರೊಡನೆ ಜಗಳವಾಡುತ್ತಿರಲಿಲ್ಲ, ಮಾತೇ ಆಡುತ್ತಿರಲಿಲ್ಲ. ಅವರನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಕರೆಯುವುದನ್ನೇ ಬಿಟ್ಟಿದ್ದಳು.

ಇನ್ನು ಉಳಿದದ್ದು ಆಗಷ್ಟೇ ಮೇಲೆದ್ದಿದ್ದ ಓಂಕಾರಪ್ಪನವರ ಮನೆ ಒಂದೇ. ಓಂಕಾರಪ್ಪನವರು ನಮ್ಮೂರಲ್ಲಿ ಮನೆ ಕಟ್ಟಿ ಮಾರುವವರು. ಬಿಳಿ ಪ್ಯಾಂಟು, ಬಿಳಿ ಷರಟು, ಬಿಳಿ ಚಪ್ಪಲಿ. ಇದು ಅವರ ಹೊಸ ನಮೂನೆಯ ಮನೆ. ಅದೂ ಇಳಿಯದಿದ್ದರೆ ಮುಂದಿನ ವರ್ಷದವರೆಗೆ ಊರಲ್ಲಿ ಬೇರೆ ಮನೆಯೇ ಏಳುವಂತಿರಲಿಲ್ಲ. ಭಾನುವಾರ ಬೆಳಿಗ್ಗೆ ನಾವು ನಾಲ್ಕು ಜನ ಹೋದಾಗ ಅವರು ಏಣಿಯ ಬುಡದಲ್ಲಿ ನಿಂತಿದ್ದರು. ಮನೆ ಅವರ ತಲೆಯ ಮೇಲೆ ತಿಳಿಹಳದಿ ಬಣ್ಣದಲ್ಲಿ ಮೆಲ್ಲಗೆ ತೂಗುತ್ತಿತ್ತು. ಕಟ್ಟಿದ್ದು ಒಂದೇ ಒಂದು ಹಗ್ಗ.

“ಮೂರು ಹಗ್ಗ ಎಲ್ಲಿ ಹೋದ್ವು ಸಾವ್ಕಾರ್ರೇ?” ಎಂದು ಸಿದ್ದಣ್ಣನವರು ಕೇಳಿದರು.

“ನಾನೇ ಬಿಚ್ಚಿಸೀನಿ. ನನ್ನ ಮನೆ ಓಡಿ ಹೋಗೋ ಜಾತಿ ಅಲ್ಲ. ಹತ್ರಿ ಹತ್ರಿ, ಬಲಗಾಲಿಟ್ಟು ಹತ್ರಿ.”

ಹಾಲಮ್ಮನನ್ನು ಹತ್ತಿಸುವುದೇ ಒಂದು ಜಾತ್ರೆಯಾಯಿತು. ನಾನು ಕೆಳಗಿಂದ ದೂಡುವುದು, ಸಿದ್ದಣ್ಣನವರು ಮೇಲಿಂದ ಎಳೆಯುವುದು. ಆಕೆ ಬಗಲಲ್ಲೊಂದು ಕೈಚೀಲ ಅವುಚಿಕೊಂಡಿದ್ದಳು. ಎಷ್ಟು ಕೇಳಿದರೂ ಕೊಡಲೊಲ್ಲಳು.

ಒಳಗೆ ಕಾಲಿಟ್ಟೆವು. ದೊಡ್ಡ ಮನೆಯೇನಲ್ಲ. ಆದರೆ ಎಲ್ಲ ಬೇಕಾದಲ್ಲೇ ಇತ್ತು. ಬಾಗಿಲ ಪಕ್ಕ ಕೂತು ಚಪ್ಪಲಿ ಬಿಚ್ಚಲು ಒಂದು ಕಟ್ಟೆ. ಕಟ್ಟೆಯಡಿಯಲ್ಲಿ ಚಪ್ಪಲಿಗೆ ಗೂಡು. ಹಾಲಿನಲ್ಲಿ ಗೋಡೆಯುದ್ದಕ್ಕೂ ಕಿಟಕಿ, ಕಿಟಕಿಯ ಕೆಳಗೆ ಒಬ್ಬರು ಕಾಲು ಚಾಚಿ ಮಲಗುವಷ್ಟು ಅಗಲದ ಕಲ್ಲುಹಾಸು. ಓಂಕಾರಪ್ಪನವರು ಒಂದೊಂದನ್ನೂ ಮುಟ್ಟಿ ಮುಟ್ಟಿ ತೋರಿಸಿದರು.

“ತೋರಿಕೆಗೆ ಕಟ್ಟಿದ್ದಲ್ಲ ತಾಯಿ, ಬಾಳೋಕೆ ಕಟ್ಟಿದ್ದು. ಕಣ್ಣು ಮುಚ್ಚಿಕೊಂಡು ಕೈ ಚಾಚ್ರಿ. ಏನು ಸಿಕ್ತು?”

“ಸ್ವಿಚ್ಚು.”

“ಹಾಂ! ಕತ್ತಲೇಲಿ ಕೈ ಎಲ್ಲಿಗೆ ಹೋಗುತ್ತೋ ಅಲ್ಲೇ ಸ್ವಿಚ್ಚು. ಅಜ್ಜಿ, ಇಲ್ಲಿ ಬರ್ರಿ. ಬಚ್ಚಲು. ನೆಲ ಮುಟ್ಟಿ ನೋಡ್ರಿ, ಜಾರುತ್ತಾ? ಜಾರಲ್ಲ. ಕೂತ್ಕೊಂಡು ನೀರು ಹಾಕ್ಕೊಳ್ಳಾಕೆ ಕಟ್ಟೆ. ಏಳುವಾಗ ಹಿಡ್ಕೊಳ್ಳಾಕೆ ಸರಳು.”

ಹಾಲಮ್ಮ ಆ ಕಟ್ಟೆಯ ಮೇಲೆ ಕೂತಳು. ಸರಳು ಹಿಡಿದು ಎದ್ದಳು. ಮತ್ತೆ ಕೂತಳು. ಮತ್ತೆ ಎದ್ದಳು. “ಮಂಡಿ ‘ಕಟ್’ ಅನ್ನಲಿಲ್ಲ ನೋಡೇ!” ಎಂದು ನನಗೆ ಹೇಳಿ, ಮಕ್ಕಳ ಹಾಗೆ ಮೂರನೇ ಸಲ ಕೂತಳು.

ಅಡುಗೆಮನೆ ಕಂಡಾಗ ನನಗೆ ಅಳು ಬಂತೋ ನಗು ಬಂತೋ ಹೇಳಲಾರೆ. ಕಡಪಾ ಕಲ್ಲಿನ ಕಟ್ಟೆ ನನ್ನ ಮೊಣಕೈಗೆ ಒಂದು ಹಿಡಿ ಕೆಳಗೆ ಬರುತ್ತಿತ್ತು. ರೊಟ್ಟಿ ತಟ್ಟಿದರೆ ಬೆನ್ನು ಬಗ್ಗಿಸಬೇಕಿಲ್ಲ. ಒಲೆಯ ಎದುರಿಗೇ ಕಿಟಕಿ. ಹಿಟ್ಟಿನ ಡಬ್ಬ ಇಡಲು ಕೈಗೆಟುಕುವ ಗೂಡು. ಕೊಳ್ಳುವವರ ಕಣ್ಣಿಗೆ ಚೆನ್ನಾಗಿ ಕಾಣಲೆಂದು ಓಂಕಾರಪ್ಪನವರು ಹೊಸ ಗ್ಯಾಸ್ ಒಲೆ, ಸಿಲಿಂಡರು, ಎರಡು ದೊಡ್ಡ ಪಾತ್ರೆ, ಒಂದು ಕೊಡ ನೀರನ್ನೂ ಇಡಿಸಿದ್ದರು. ನಾನು ಬರಿಗಲ್ಲಿನ ಮೇಲೆ ಇಲ್ಲದ ರೊಟ್ಟಿಯನ್ನು ತಟ್ಟಿ ನೋಡಿದೆ. ಸಿದ್ದಣ್ಣನವರೂ ಪಕ್ಕದಲ್ಲಿ ನಿಂತು ಇಲ್ಲದ ರೊಟ್ಟಿಯನ್ನು ತಿರುವಿಹಾಕಿದರು.

ಇಂಚರಾ ಮಾತ್ರ ಬಾಗಿಲ ಹತ್ತಿರವೇ ನಿಂತಿದ್ದಳು. ಮನೆಯೂ ಅಲ್ಲಾಡದೆ ನಿಂತಿತ್ತು. ಒಂದು ಕೂದಲೆಳೆಯಷ್ಟೂ ಕೆಳಗಿಳಿದಿರಲಿಲ್ಲ.

“ಒಂದೇ ಒಂದು ನೋಡಬೇಕಿತ್ತು,” ಎಂದು ಸಿದ್ದಣ್ಣನವರು ಸಂಕೋಚದಿಂದ ಬಗಲ ಪೆಟ್ಟಿಗೆ ತೆರೆದರು. “ಇಲ್ಲಿ ಊದಿದ್ರೆ ಅಕ್ಕಪಕ್ಕದೋರಿಗೆ ಎಷ್ಟು ಕೇಳುತ್ತೆ ಅಂತ.”

“ಊದ್ರಿ, ಊದ್ರಿ! ಗೋಡೆ ಒಂಬತ್ತಿಂಚು!”

ಅವರು ಕ್ಲಾರಿಯೋನೆಟ್ ಜೋಡಿಸಿ, ತುಟಿ ಒದ್ದೆ ಮಾಡಿಕೊಂಡು, ದಿಬ್ಬಣ ಹೊರಡಿಸುವಾಗ ಊದುವ ಆ ಕುಣಿತದ ಗತ್ತನ್ನು ಹಿಡಿದರು. ಆ ಗತ್ತಿಗೆ ಹೆಣ್ಣಿನ ಕಡೆಯ ಮುದುಕರೂ ಹೆಜ್ಜೆ ಹಾಕುವುದನ್ನು ನಾನು ನೋಡಿದ್ದೇನೆ. ಮನೆ ಎಂದೂ ಸಂಗೀತ ಕೇಳಿರಲಿಲ್ಲವೆಂದು ಕಾಣುತ್ತದೆ. ಮೊದಲು ಕಿಟಕಿಯ ಗಾಜುಗಳು ಗಿಲಗಿಲ ಎಂದವು. ಆಮೇಲೆ ನೆಲ ಅತ್ತ ಇತ್ತ ತೊನೆಯಿತು. ಮೇಲಿನ ಸುತ್ತು ಬರುವ ಹೊತ್ತಿಗೆ ಮನೆ ಒಂದು ನೆಗೆತ ನೆಗೆಯಿತು ನೋಡಿ, ಕೆಳಗೆ ಗೂಟ ಕಿತ್ತುಬಂದ ಸದ್ದು ಕೇಳಿಸಿತು. ಬಾಗಿಲಿನಿಂದ ಬಗ್ಗಿ ನೋಡಿದರೆ ಏಣಿ ಬಿದ್ದಿತ್ತು, ಗೂಟ ಹಗ್ಗದ ತುದಿಯಲ್ಲಿ ನೇತಾಡುತ್ತಿತ್ತು, ಎಮ್ಮೆಗಳು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಮ್ಮನ್ನೇ ನೋಡುತ್ತಿದ್ದವು.

“ಊದೋದು ನಿಲ್ಲಿಸ್ರೀ!” ಎಂದು ನಾನು ಕಿರುಚಿದೆ. ನಿಲ್ಲಿಸಿದರು. ಆದರೆ ಮನೆಗೆ ಆಗಲೇ ಹುಚ್ಚು ಹಿಡಿದಿತ್ತು.

ಓಂಕಾರಪ್ಪನವರು ಹಾಲಿನ ನಡುವಿನ ಕಂಬವನ್ನು ತಬ್ಬಿಕೊಂಡರು. ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ನಿಲ್ಲಲಿಲ್ಲ. “ಅಯ್ಯಯ್ಯೋ ನನ್ನ ಮನೆ... ಗಾಳಿ ನೋಡ್ರಿ ತಾಯಿ, ಈ ಕಿಟಕೀಲಿ ಬಂದು ಆ ಕಿಟಕೀಲಿ ಹೋಗುತ್ತೆ... ಅಯ್ಯೋ ಸತ್ತೆ... ಫ್ಯಾನೇ ಬೇಡ!”

ಕಿಟಕಿಯ ಕೆಳಗೆ ಪೇಟೆ ಜಾರಿ ಹೋಗುತ್ತಿತ್ತು. ಭಾನುವಾರದ ಸಂತೆಯಲ್ಲಿ ತಕ್ಕಡಿಗಳು ಅರ್ಧಕ್ಕೇ ನಿಂತವು. ಬದನೆಕಾಯಿ ಮಾರುವವಳು ನಮ್ಮ ನೆರಳು ಬಂತೆಂದು ತಟ್ಟನೆ ಕೊಡೆ ಮಡಚಿ, ನೆರಳು ಹೋಯಿತೆಂದು ಮತ್ತೆ ಬಿಚ್ಚಿದಳು. ಆಗ ಹಿಂದಿನಿಂದ ಒಂದು ಸದ್ದು ಕೇಳಿತು. ನನಗೆ ಮೊದಲು ಅದು ಏನೆಂದೇ ತಿಳಿಯಲಿಲ್ಲ. ಇಂಚರಾ ನಗುತ್ತಿದ್ದಳು. ಹಾಲಿನ ಉದ್ದಕ್ಕೂ ಓಡಿಬಂದು ಕಿಟಕಿಯ ಕಲ್ಲುಹಾಸಿನ ಮೇಲೆ ಮಂಡಿಯೂರಿ, ಸರಳುಗಳ ನಡುವೆ ಮುಖ ಒತ್ತಿದಳು.

“ಅಮ್ಮಾ, ಅಮ್ಮಾ, ನಮ್ಮ ಹೆಡ್ಮಾಸ್ಟರು! ಬನಿಯನ್‌ನಲ್ಲಿ ಹಪ್ಪಳ ಕಾಯ್ತಿದಾರೆ!” ಆಮೇಲೆ ಗಂಟಲು ಹರಿಯುವ ಹಾಗೆ, “ಗುಡ್ ಮಾರ್ನಿಂಗ್ ಸಾರ್!”

ಮಾಳಿಗೆಯ ಮೇಲಿದ್ದ ಹೆಡ್ಮಾಸ್ಟರು ಅಭ್ಯಾಸಬಲದಿಂದ ಎದ್ದು ನಿಂತು, ಎರಡು ಹಪ್ಪಳದಿಂದ ಎದೆ ಮುಚ್ಚಿಕೊಂಡು, “ಗುಡ್ ಮಾರ್ನಿಂಗ್, ಸಿಟ್ ಡೌನ್” ಎಂದರು. ಸಿದ್ದಣ್ಣನವರು ನಕ್ಕು ನಕ್ಕು ನೆಲದ ಮೇಲೆ ಕೂತೇಬಿಟ್ಟರು. ಇಂಚರಾ ತಿರುಗಿ ಅವರನ್ನು ನೋಡಿದಳು. ಅವರು ನಗುವುದನ್ನು ಅಷ್ಟು ಹತ್ತಿರದಿಂದ ಅವಳು ನೋಡಿದ್ದು ಅದೇ ಮೊದಲಿರಬೇಕು.

ಹಾಲಮ್ಮ ಬಚ್ಚಲಿನ ಸರಳನ್ನು ಬಿಟ್ಟಿರಲಿಲ್ಲ. ಊರ ಕೊನೆ ದಾಟಿ, ಮನೆ ಕೊಂಚ ಸಮಾಧಾನಗೊಂಡು, ಕೆರೆಯ ಮೇಲಿನ ಹದವಾದ ಗಾಳಿಯಲ್ಲಿ ತೊಟ್ಟಿಲ ಹಾಗೆ ತೂಗತೊಡಗಿದಾಗ ಹೊರಗೆ ಬಂದಳು. ಕೈಚೀಲವನ್ನು ಅಡುಗೆಕಟ್ಟೆಯ ಮೇಲೆ ಬೋರಲು ಹಾಕಿದಳು. ಮಂಡಕ್ಕಿ, ಎಣ್ಣೆಯ ಸೀಸೆ, ಸಾಸಿವೆ, ಹಸಿಮೆಣಸಿನಕಾಯಿ, ಈರುಳ್ಳಿ, ಹುರಿಗಡಲೆ ಪುಡಿ, ಈಳಿಗೆ ಕೂಡ.

“ಏನತ್ತೆ ಇದು?”

“ಒಗ್ಗರಣೆ ವಾಸ್ನೆಗೆ ಮನೆ ಇಳಿಯುತ್ತಂತೆ. ಡೋಲಿನೋನ ಹೆಂಡ್ತಿ ಹೇಳಿದ್ಲು. ನಗ್ತೀರಾ ಅಂತ ಹೇಳಿರಲಿಲ್ಲ,” ಎಂದಳು. “ಇಳೀಲಿ, ಬಿಡ್ಲಿ, ಹೊಟ್ಟೆಯಂತೂ ಹಸಿದೈತಲ್ಲ. ಏಯ್ ಹುಡುಗಿ, ಬಾ, ಈರುಳ್ಳಿ ಹೆಚ್ಚು.”

ಇಂಚರಾ ಬಂದು ಈಳಿಗೆಯ ಮುಂದೆ ಕೂತಳು. ನಾನು ಮಂಡಕ್ಕಿ ನೆನೆಸಿ ಹಿಂಡುತ್ತಿದ್ದೆ. ಅವಳ ಕೆನ್ನೆ ಇನ್ನೂ ಗಾಳಿಗೆ ಕೆಂಪಾಗಿತ್ತು. ಹೆಚ್ಚುತ್ತಾ ಹೆಚ್ಚುತ್ತಾ ಮೆಲ್ಲಗೆ, “ಅಮ್ಮಾ, ಇದು ಇಳೀದೇ ಇದ್ರೆ ಚೆನ್ನಾಗಿರುತ್ತೆ” ಎಂದಳು.

“ಯಾಕೆ? ಇವರ ಜೊತೆ ಇರೋಕೆ ನಿನಗೆ ಮನಸ್ಸಿಲ್ವಾ?”

“ಅದಲ್ಲ.” ಮೂಗು ಒರೆಸಿಕೊಂಡಳು. ಈರುಳ್ಳಿಯ ಘಾಟೆಂದು ಅಂದುಕೊಳ್ಳುವ ಹಾಗೆಯೇ ಒರೆಸಿಕೊಂಡಳು. “ಇಳಿದ್ರೆ ಗಿರಣಿ ರೂಮು ಖಾಲಿ ಮಾಡಬೇಕಾಗುತ್ತೆ. ಅಪ್ಪ ಅಂಗಿ ನೇತುಹಾಕ್ತಿದ್ದ ಮೊಳೆ ಅಲ್ಲೇ ಐತಲ್ಲ. ಬೇರೆಯವರು ಬಂದು ಅದಕ್ಕೆ ಇನ್ನೇನೋ ನೇತುಹಾಕ್ತಾರೆ.”

ಇಷ್ಟು ತಿಂಗಳು ಅವಳ ಮೌನಕ್ಕೆ ನಾನು ನೂರು ಅರ್ಥ ಕಟ್ಟಿದ್ದೆ. ಇದೊಂದನ್ನು ಕಟ್ಟಿರಲಿಲ್ಲ. ಬಾಗಿಲಲ್ಲಿ ಸಿದ್ದಣ್ಣನವರು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

“ಆ ರೂಮು ಯಾಕವ್ವ ಖಾಲಿ ಮಾಡಬೇಕು?” ಎಂದರು. “ಗಿರಣಿ ನಿಮ್ಮಮ್ಮಂದೇ ತಾನೆ? ಬೀಗದಕೈ ನಿನ್ನ ಹತ್ರ ಇರಲಿ. ಓದಬೇಕು ಅನ್ನಿಸ್ದಾಗ ಹೋಗು, ಅಳಬೇಕು ಅನ್ನಿಸ್ದಾಗ ಹೋಗು. ನಮ್ಮ ಮೇಲೆ ಸಿಟ್ಟು ಬಂದ್ರೂ ಹೋಗು. ಊಟದ ಹೊತ್ತಿಗೆ ಮನೆಗೆ ಬಾ. ಅಷ್ಟೇ.”

ಅವಳು ಹೆಚ್ಚಿದ ಈರುಳ್ಳಿಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದಳು.

“ಊಟಕ್ಕೆ ಏನಿರುತ್ತೆ?”

“ಅದನ್ನ ನಮ್ಮವ್ವನ್ನ ಕೇಳು. ಅದ್ರಲ್ಲಿ ನನ್ನ ಮಾತು ನಡೆಯಲ್ಲ.”

“ಬಾಯಿ ಬಡ್ಕೊಂಡಿದ್ದು ಸಾಕು, ಈರುಳ್ಳಿ ತಾರೇ, ಸಾಸಿವೆ ಹೊತ್ತುತ್ತೈತಿ!” ಎಂದು ಹಾಲಮ್ಮ ಕೂಗಿದಳು.

ಇಂಚರಾ ಈರುಳ್ಳಿ ಸುರಿದಳು. ಒಗ್ಗರಣೆ ಚುಯ್ ಎಂದಿತು. ಘಮ್ಮೆನ್ನುವ ವಾಸನೆ ಆ ಒಂಬತ್ತಿಂಚಿನ ಗೋಡೆಗಳ ನಡುವೆಲ್ಲ ಓಡಾಡಿತು. ಕಂಬ ಹಿಡಿದಿದ್ದ ಓಂಕಾರಪ್ಪನವರು ಕೂಡ ಅಳು ನಿಲ್ಲಿಸಿ ಮೂಗರಳಿಸಿದರು. ಆಗಲೇ ನನ್ನ ಹೊಟ್ಟೆಯೊಳಗೆ ಉಯ್ಯಾಲೆ ಕೆಳಗೆ ಬರುವಾಗಿನ ಜುಮುಗುಟ್ಟುವಿಕೆ ಶುರುವಾಯಿತು.

“ಅಮ್ಮಾ,” ಎಂದಳು ಇಂಚರಾ, “ಮರ ದೊಡ್ಡದಾಗ್ತಿದಾವೆ.”

ನಾವು ಇಳಿಯುತ್ತಿದ್ದೆವು. ಒಗ್ಗರಣೆಗೋ, ಮಾತಿಗೋ, ನಗುವಿಗೋ, ಮನೆಗೇ ಹಾರಿ ಹಾರಿ ದಣಿವಾಗಿತ್ತೋ, ಇಂದಿಗೂ ನನಗೆ ಗೊತ್ತಿಲ್ಲ. ನಾಲ್ವರೂ ಕೈಕೈ ಹಿಡಿದುಕೊಂಡು ಅಡುಗೆಮನೆಯಲ್ಲೇ ಕೂತೆವು. ಇಂಚರಾ ಒಂದು ಕೈಯಲ್ಲಿ ನನ್ನನ್ನೂ ಇನ್ನೊಂದರಲ್ಲಿ ಸಿದ್ದಣ್ಣನವರನ್ನೂ ಹಿಡಿದಿದ್ದಳು. ಅವಳ ಕೈಯೆಲ್ಲ ಈರುಳ್ಳಿ ವಾಸನೆ. ಕೆರೆ ದಾಟಿತು, ಹುಣಸೆತೋಪು ದಾಟಿತು. ಕೋಳಿ ಕಾವಿಗೆ ಕೂರುವ ಹಾಗೆ ಮನೆ ಮೈಯನ್ನು ಒಂದು ಸಲ ಕೊಡವಿ, ‘ಗಕ್’ ಎಂದು ನೆಲ ಹಿಡಿಯಿತು.

“ಇಳೀತು!” ಎಂದು ಓಂಕಾರಪ್ಪನವರು ಅರಚಿದರು. ಆಮೇಲೆ ಕಿಟಕಿಯಿಂದ ನೋಡಿ, “ಅಯ್ಯೋ, ರಸ್ತೆ ಮೇಲೆ ಇಳೀತು!”

ನಿಜ. ಪಕ್ಕದೂರಿಗೆ ಹೋಗುವ ದಾರಿಗೆ ನಟ್ಟನಡುವೆ ಅಡ್ಡಲಾಗಿ ನಮ್ಮ ಮನೆ ಕೂತಿತ್ತು. ಅದರ ಮುಂದೆ ಮೂತಿಗೆ ಮೂತಿ ಕೊಟ್ಟು ಕೆಂಪು ಬಸ್ಸೊಂದು ನಿಂತಿತ್ತು. ಡ್ರೈವರು ಕೆಳಗಿಳಿದು ಸೊಂಟಕ್ಕೆ ಕೈಯಿಟ್ಟು, “ಏನ್ರೀ ಇದು, ದಾರೀಲಿ ಮನೆ ಇಟ್ಟೀರಲ್ಲ!” ಎಂದು ಗದರಿದ.

ಹಾಲಮ್ಮ ಹೊಸ್ತಿಲಲ್ಲಿ ನಿಂತಳು. “ಇಟ್ಟಿದ್ದಲ್ಲಪ್ಪ, ಇಳಿದಿದ್ದು.”

ಅಷ್ಟು ಸಾಕಾಯಿತು. ಡ್ರೈವರು ಟವೆಲ್ಲನ್ನು ಹೆಗಲಿನಿಂದ ತೆಗೆದ. ಮನೆ ಇಳಿಯುವುದನ್ನು ಕಣ್ಣಾರೆ ಕಂಡವರು ಒಳಗೆ ಬಂದು ನಾಲ್ಕು ಒಳ್ಳೆಯ ಮಾತಾಡದೆ ಹೋಗಬಾರದು ಎಂಬುದು ನಮ್ಮ ಕಡೆ ಎಳೆಮಕ್ಕಳಿಗೂ ಗೊತ್ತು. ಕಂಡಕ್ಟರು ಮೊದಲು ಚಪ್ಪಲಿ ಬಿಟ್ಟ. ಆಮೇಲೆ ಬಸ್ಸಿಗೆ ಬಸ್ಸೇ ಇಳಿದು ಬಂತು: ಬುಟ್ಟಿಯವರು, ಕೋಳಿ ಹಿಡಿದವರು, ಬಾಣಂತನಕ್ಕೆ ತವರಿಗೆ ಹೊರಟ ಬಸುರಿ, ಹೆಣ್ಣು ನೋಡಲು ಹೊರಟ ಇಸ್ತ್ರಿ ಷರಟಿನ ಒಬ್ಬ. ಸಿದ್ದಣ್ಣನವರು ಕಟ್ಟೆಯ ಮೇಲೆ ಕೂತು ಮತ್ತೆ ಕ್ಲಾರಿಯೋನೆಟ್ ಹಿಡಿದರು. ಮನೆ ಈ ಸಲ ಅಲುಗಲಿಲ್ಲ. ಬಾಗಿಲ ಚಿಲಕ ಮಾತ್ರ ತಾಳ ಹಾಕಿತು.

ನಾನು ಮಂಡಕ್ಕಿ ಬಡಿಸುತ್ತಾ ನೋಡುತ್ತಿದ್ದೆ. ಸಾಲುಮನೆಯಲ್ಲಿ ತಗ್ಗಿದ ದನಿಯಲ್ಲೇ ಬಾಳಿದ ಹಾಲಮ್ಮ ಮುಂದೆ ಮುಂದೆ ನಡೆಯುತ್ತಾ, “ಬರ್ರಿ, ಬಚ್ಚಲು ನೋಡ್ರಿ, ಕೂತು ಏಳ್ರಿ, ಮಂಡಿ ‘ಕಟ್’ ಅನ್ನುತ್ತೇನು?” ಎಂದು ಮುದುಕಿಯರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೂರಿಸಿ ಏಳಿಸುತ್ತಿದ್ದಳು. ಇಂಚರಾ ಇಸ್ತ್ರಿ ಷರಟಿನವನಿಗೆ ಕಣ್ಣು ಮುಚ್ಚಿಸಿ ಸ್ವಿಚ್ಚು ಹುಡುಕಿಸುತ್ತಿದ್ದಳು. ಹೆಣ್ಣು ಒಪ್ಪಿಗೆಯಾದರೆ ಇಂಥದೇ ಮನೆ ಬೇಕೆಂದು ಅವನು ಓಂಕಾರಪ್ಪನವರ ಕೈ ಹಿಡಿದ. ಓಂಕಾರಪ್ಪನವರು ಧೂಳಾದ ಬಿಳಿ ಪ್ಯಾಂಟನ್ನು ಕೊಡವಿಕೊಂಡು, “ಅಲ್ಲಿ ಪಾಯ ಖಾಲಿ ಬಿದ್ದೈತೆ. ನಾಳೇನೇ ಗುದ್ದಲಿ ಹಾಕ್ತೀನಿ. ಹಗ್ಗ ಮಾತ್ರ ನಾಲ್ಕು ಕಟ್ತೀನಿ” ಎಂದರು.

ಇಳಿದ ಮನೆಯನ್ನು ಎಬ್ಬಿಸುವ ಮಾತು ನಮ್ಮೂರಲ್ಲಿ ಯಾರೂ ಆಡುವುದಿಲ್ಲ. ರಸ್ತೆಯನ್ನೇ ಮನೆ ಸುತ್ತಿ ತಿರುಗಿಸಿಬಿಡುತ್ತಾರೆ, ನಮ್ಮ ರಸ್ತೆಗಳೆಲ್ಲ ಅಷ್ಟು ಅಂಕುಡೊಂಕಾಗಿರುವುದು ಅದಕ್ಕೇ. ಮಂಡಕ್ಕಿ ಮುಗಿದ ಮೇಲೆ ಡ್ರೈವರು ಬಸ್ಸನ್ನು ಹಿಂದಕ್ಕೆ ತೆಗೆದು, ಬಲಕ್ಕೆ ತಿರುಗಿಸಿ, ನಮ್ಮ ಅಡುಗೆಮನೆಯ ಕಿಟಕಿಯ ಪಕ್ಕದಲ್ಲೇ ಬೀಳುಹೊಲದ ಹುಲ್ಲು ತುಳಿದುಕೊಂಡು ಹೊಸ ದಾರಿ ಮಾಡಿದ. ಕಿಟಕಿ ಕಿಟಕಿಯಿಂದಲೂ ಕೈ ಬೀಸಿದರು. ಕೋಳಿಯೊಂದು ಕೂಗಿತು. ಬಸ್ಸು ಹೋಯಿತು.

ಆಗ ಹಾಲಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡು, “ಅಯ್ಯೋ ಶಿವನೇ, ಊರಿಗೆಲ್ಲ ಉಣ್ಣಿಸಿದ್ವಿ, ಮನೇಲಿ ಹಾಲೇ ಉಕ್ಕಿಸಿಲ್ಲ!” ಎಂದಳು.

“ನಾನು ತರ್ತೀನಿ,” ಎಂದು ಸಿದ್ದಣ್ಣನವರು ಪಂಚೆ ಎತ್ತಿಕಟ್ಟಿ ಊರ ಕಡೆ ಓಡಿಯೇಬಿಟ್ಟರು.

“ನಿಲ್ರೀ!” ಎಂದು ಕೂಗಿದವಳು ನಾನಲ್ಲ, ಇಂಚರಾ. “ನಿಮ್ಮ ಮುಖ ನೋಡಿದ್ರೆ ಯಾರಾದ್ರೂ ನೀರು ಬೆರೆಸಿ ಕೊಡ್ತಾರೆ, ನಿಲ್ರೀ!” ಎನ್ನುತ್ತಾ ಖಾಲಿ ಪಾತ್ರೆ ಎತ್ತಿಕೊಂಡು ಬರಿಗಾಲಲ್ಲಿ ಅವರ ಹಿಂದೆ ಓಡಿದಳು.

ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡಿದೆ. ಹುಣಸೆತೋಪಿನ ಹತ್ತಿರ ಅವಳು ಅವರನ್ನು ದಾಟಿದಳು. ಅವರು ಮತ್ತೆ ಅವಳನ್ನು ದಾಟಿದರು. ಬಿಸಿಲಿಗೆ ದಾರಿಯೆಲ್ಲ ಮಿಣಮಿಣ ಎನ್ನುತ್ತಿತ್ತು. ಇಬ್ಬರ ಕಾಲೂ ನೆಲಕ್ಕೆ ತಾಗುತ್ತಿದ್ದವೋ ಇಲ್ಲವೋ, ನಾನು ನಿಂತಲ್ಲಿಂದ ಹೇಳುವ ಹಾಗಿರಲಿಲ್ಲ.